ಯಳಂದೂರಿನಲ್ಲಿ ಬಿಟ್ಟುಕೊಟ್ಟ ಗೋಲು

"ಪಾಪ" ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಓದುವವರಲ್ಲಿ ಅರ್ಧ ಜನ ಆ ಪೈಕಿಯವರೇ ಇರುತ್ತೀರಿ. ನಾನು ಕೊಳ್ಳೇಗಾಲದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಪ್ರತಿ ಭಾನುವಾರ ಬೆಳಗ್ಗೆ ಶಾಲೆಯ ಹಿಂದಿನ ಮೈದಾನದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ಬುದ್ಧಿ ನಿಧಾನವಾಗಿ ಬೆಳೆಯುತ್ತಿರುವ ಮಕ್ಕಳು, ಕಿವಿ ಕೇಳಿಸದವರು, ಒಂದು ಕಾಲು ಸೊರಗಿರುವವರು, ಜೊತೆಗೆ ಅಂಥದ್ದೇನೂ ಇಲ್ಲದ ಬೀದಿಯ ಮಕ್ಕಳು, ಎಲ್ಲರೂ ಸೇರಿ ಒಂದೇ ತಂಡ. ವಾಕಿಂಗ್ ಬರುವ ದೊಡ್ಡ ಮನುಷ್ಯರು ಕಾಂಪೌಂಡಿನ ಆಚೆ ನಿಂತು ಲೊಚಗುಟ್ಟುತ್ತಾರೆ. "ಪಾಪ, ದೇವ್ರು ಇವಕ್ಕೆ ಇಂಗ್ಮಾಡ್ಬುಟ್ನಲ್ಲ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ತಮ್ಮ ಮಂಡಿ ನೋವಿನ ವಿಷಯಕ್ಕೆ ಹೋಗುತ್ತಾರೆ. ನಿಂತಲ್ಲೇ ಏದುಸಿರು ಬಿಡುವ ಇವರಿಗೆ, ಇಪ್ಪತ್ತು ಸುತ್ತು ಓಡುವ ಮಕ್ಕಳ ಮೇಲೆ ಕನಿಕರ!

ಇಲಾಖೆಯವರು ನನ್ನನ್ನು ಎರಡು ದಿನದ ತರಬೇತಿಗೂ ಕಳಿಸಿದ್ದರು. ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಆಟದಲ್ಲಿ ಹೇಗೆ ಒಳಗೊಳ್ಳಬೇಕು ಎಂದು ಕಲಿಸುವ ತರಬೇತಿ. ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ಚೆಂಡೊಂದನ್ನು ಪರದೆಯ ಮೇಲೆ ತೋರಿಸಿದರು, ಅಷ್ಟೆ. ಎರಡು ದಿನದಲ್ಲಿ ಯಾರ ಕಾಲಿಗೂ ಚೆಂಡು ತಾಗಲಿಲ್ಲ, ಒಂದು ಮಗುವೂ ಆ ಕಡೆ ಸುಳಿಯಲಿಲ್ಲ. ಊಟ ಮಾತ್ರ ಚೆನ್ನಾಗಿತ್ತು. ನನ್ನ ಪಕ್ಕದಲ್ಲಿದ್ದ ಪಿ.ಟಿ. ಮೇಷ್ಟ್ರು ಒಬ್ಬರು ಮಧ್ಯಾಹ್ನ ಗೊರಕೆ ಹೊಡೆದು, ಸಂಜೆ ಎದ್ದು, ಅನುಭವ ಹಂಚಿಕೊಳ್ಳಲು ಹೋಗಿ ಕಣ್ಣೀರು ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಶಾಲೆಯಲ್ಲಿ ಅಂಥ ಮಕ್ಕಳನ್ನು ಆಟದ ಪೀರಿಯಡ್ಡಿನಲ್ಲಿ ಚಪ್ಪಲಿ ಕಾಯಲು ಕೂರಿಸುತ್ತಾರೆಂದು ನನಗೆ ಗೊತ್ತಿತ್ತು.

ನೆಟ್ಟಗಿರುವ ಮಕ್ಕಳ ತಂದೆತಾಯಿಗಳೂ ಕಡಿಮೆಯೇನಲ್ಲ. ಒಬ್ಬಾಕೆ ಬಂದು ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು, "ಮೇಡಮ್ಮೋ, ಅವ್ರ್ ಜತೆ ಆಡುದ್ರೆ ನಮ್ ಐಕ್ಳೂ ಅಂಗೇ ಆಗ್ಬುಡಕಿಲ್ವಾ?"

ನನ್ನದು ಹನೂರು ಕಡೆಯ ಹಳ್ಳಿ. ಸಿಟ್ಟು ಬಂದರೆ ಬಿ.ಪಿ.ಎಡ್. ಓದಿದ್ದೆಲ್ಲ ಹಾರಿಹೋಗಿ ಊರ ಮಾತೇ ಬಾಯಿಗೆ ಬರುತ್ತದೆ. "ನಿನ್ ಮಗ ನಾಕು ವರ್ಸದಿಂದ ಜಾಣರ್ ಜತೆ ಕುಂತವ್ನೆ. ಜಾಣ ಆದ್ನಾ?" ಎಂದೆ. ಅವಳು ಮೂಗು ಮುರಿದು ಹೋದಳು. ಮಗ ಮಾತ್ರ ಮುಂದಿನ ಭಾನುವಾರವೂ ಬಂದ.

ನಮ್ಮ ಬೀದಿಗಳಲ್ಲಿ ಒಂದು ಪದ್ಧತಿಯಿದೆ. ಆಟ ಆಡುವಾಗ ಯಾರದ್ದೋ ಪುಟ್ಟ ತಮ್ಮನೋ ತಂಗಿಯೋ ಅಳುತ್ತಾ ಬಂದರೆ, ಸೇರಿಸಿಕೊಳ್ಳುತ್ತೇವೆ. ಆದರೆ ಅದು ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಯಾರೂ ಅದನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ, ಹೋದಂತೆ ನಟಿಸುತ್ತಾರೆ. ಮಗು ಕೇಕೆ ಹಾಕುತ್ತದೆ. ಮೂರು ವರ್ಷದ ಕೂಸಿಗೆ ಅದು ಸರಿ. ಹನ್ನೆರಡು ವರ್ಷದವರಿಗೂ, ಇಪ್ಪತ್ತು ವರ್ಷದವರಿಗೂ ಅದನ್ನೇ ಮಾಡಿ, ಅದಕ್ಕೊಂದು ದೊಡ್ಡ ಹೆಸರಿಟ್ಟು, ಬ್ಯಾನರ್ ಕಟ್ಟಿ, ಫೋಟೋ ತೆಗೆಸಿಕೊಳ್ಳುವುದಿದೆಯಲ್ಲ, ಅದಕ್ಕೆ ನನ್ನ ಮೈ ಉರಿಯುತ್ತದೆ. ನನ್ನ ಮೈದಾನದಲ್ಲಿ ಅದು ನಡೆಯುವುದಿಲ್ಲ ಎಂದು ಎಲ್ಲರೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಸತ್ತೇಗಾಲದಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಹನ್ನೆರಡು ವರ್ಷ. ಹುಟ್ಟಿನಿಂದಲೇ ಬುದ್ಧಿ ನಿಧಾನ, ಮಾತೂ ನಿಧಾನ, ಒಂದು ಮಾತಿಗೆ ಎರಡು ಪದ. ಎಲ್ಲರಿಗೂ ಏಕವಚನ, ಹೆಡ್‌ಮಾಸ್ಟರಿಗೂ "ಬಾ, ಕುತ್ಕೋ." ಅವಳ ತಾಯಿ ಬೆಳಗಿನ ಬಸ್ಸಿಗೆ ಕರೆತಂದು, ಆಟ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಹುಡುಗಿಯನ್ನು ನಾನು ಬ್ಯಾಕಿನಲ್ಲಿ, ಗೋಲಿನ ಮುಂದೆ ನಿಲ್ಲಿಸುತ್ತಿದ್ದೆ. ಅದು ದಯೆಯಿಂದಲ್ಲ. ಚೆಂಡು ತರುವ ಹುಡುಗರು ಎಡಕ್ಕೆ ಹೋಗುವಂತೆ ಮೈ ಬಾಗಿಸಿ ಬಲಕ್ಕೆ ನುಗ್ಗುತ್ತಾರೆ. ಬುದ್ಧಿವಂತರೆಲ್ಲ ಅದಕ್ಕೆ ಮೋಸ ಹೋಗುತ್ತಾರೆ. ಇವಳು ಮೈಯನ್ನೂ ನೋಡಳು, ಮುಖವನ್ನೂ ನೋಡಳು. ಚೆಂಡನ್ನೇ ನೋಡುತ್ತಾಳೆ, ಚೆಂಡು ಬಂದಲ್ಲಿ ಕಾಲಿಡುತ್ತಾಳೆ. ಓಟ ಮಾತ್ರ ವಾರೆ, ಕೈಗಳನ್ನು ಎದೆಯ ಮೇಲೆ ಮಡಚಿಕೊಂಡು ಓಡುತ್ತಾಳೆ. ನಮ್ಮಲ್ಲಿ ಯಾರೂ ಅದನ್ನು ಗಮನಿಸುತ್ತಿರಲಿಲ್ಲ, ಅವಳನ್ನು ದಾಟುವುದು ಹೇಗೆ ಎಂಬುದೇ ಎಲ್ಲರಿಗೂ ಚಿಂತೆ.

ಅವಳ ತಂದೆಗೆ ಇದು ಇಷ್ಟವಿರಲಿಲ್ಲ. ಕಬ್ಬು, ತೆಂಗು ಇರುವ ಮನೆ, ಹಣೆ ತುಂಬ ವಿಭೂತಿ, ಊರಿನಲ್ಲಿ ಮರ್ಯಾದೆ. ಹಿರಿಮಗಳಿಗೆ ಗಂಡು ನೋಡುತ್ತಿದ್ದರು. ನೆಂಟರು ಬಂದಾಗ ಈ ಹುಡುಗಿಯನ್ನು ಹಿತ್ತಲ ಕೋಣೆಗೆ ಕಳಿಸುತ್ತಿದ್ದರಂತೆ. ಅಂಥವಳು ಬಯಲಲ್ಲಿ ಚಡ್ಡಿ ಹಾಕಿಕೊಂಡು ಓಡುತ್ತಾಳೆಂದರೆ? ಒಂದು ಭಾನುವಾರ ತಾಯಿ ಅವರೆಕಾಯಿಯಿಂದ ಕಣ್ಣೆತ್ತದೆ ಹೇಳಿದರು, "ಯಳಂದೂರ್ ಮ್ಯಾಚ್ಗೆ ನಮ್ಮನೆಯವ್ರೂ ಬತ್ತಾರಂತೆ ಮೇಡಂ. ಜನ ನಗಾಡುದ್ರೆ ಅವತ್ಗೇ ಮುಗೀತು, ಇನ್ ಕಳ್ಸಕಿಲ್ಲ ಅಂದವ್ರೆ. ಭಾನ್ವಾರ ಬಂತು ಅಂದ್ರೆ ಇವ್ಳು ಕೋಳಿ ಕೂಗೂಕ್ಮುಂಚೆ ಎದ್ದು ಶೂ ಆಕ್ಕೊಂಡು ಕುಂತಿರ್ತಾಳೆ. ಕಳ್ಸದಿದ್ರೆ ನಾನೇನ್ ಯೋಳ್ಳಿ ಅವ್ಳಿಗೆ?"

ನಾನು ಧೈರ್ಯ ಹೇಳಿದೆ. ಯಾರು ನಗುತ್ತಾರೆ, ನೋಡೇಬಿಡೋಣ ಎಂದೆ.

ಯಳಂದೂರಿನ ಪಂದ್ಯ ಏರ್ಪಡಿಸಿದ್ದು ಒಂದು ಸಂಘ. ಹೆಸರು ಬೇಡ, ಅಂಥವು ಪ್ರತಿ ತಾಲ್ಲೂಕಿನಲ್ಲೂ ಇರುತ್ತವೆ. ವರ್ಷಕ್ಕೊಮ್ಮೆ ಸೇವೆ, ಮಿಕ್ಕ ದಿನ ಊಟ. ಕೊಳ್ಳೇಗಾಲ, ಹನೂರು, ಯಳಂದೂರು, ಮೂರು ತಂಡಗಳು, ತಲಾ ಏಳು ಮಕ್ಕಳು, ಅದರಲ್ಲಿ ಮೂವರು ವಿಶೇಷ ಮಕ್ಕಳು. ನಾವು ಬಸ್ಸಿಳಿದು ಮೈದಾನಕ್ಕೆ ಹೋದರೆ ಶಾಮಿಯಾನ ಎಲ್ಲಿ ಹಾಕಿದ್ದಾರೆ ಎನ್ನುತ್ತೀರಿ? ಮೈದಾನದ ನಟ್ಟನಡುವೆ! ಗಣ್ಯರಿಗೆ ಬಿಸಿಲು ಬೀಳಬಾರದು, ಆಟವೂ ಹತ್ತಿರದಿಂದ ಕಾಣಬೇಕು, ಅದಕ್ಕೆ. ಒಂದು ಕಡೆಯ ಗೋಲುಕಂಬ ವೇದಿಕೆಯ ಹಿಂದೆ ಅಡುಗೆಯವರ ಟವಲ್ ಒಣಗಿಸುತ್ತಾ ನಿಂತಿತ್ತು. ಕಡೆಗೆ ಮಿಕ್ಕರ್ಧ ಮೈದಾನದಲ್ಲೇ ಶಾಮಿಯಾನದ ಬದಿಗೆ ಎರಡು ಕುರ್ಚಿಯಿಟ್ಟು ಗೋಲು ಮಾಡಿದೆವು.

ಆಮೇಲೆ ಬ್ಯಾಡ್ಜು ಬಂತು. ವಿಶೇಷ ಮಕ್ಕಳ ಎದೆಗೆ ಮಾತ್ರ ಹಳದಿ ಬ್ಯಾಡ್ಜು ಚುಚ್ಚಬೇಕಂತೆ. ಯಾಕೆ ಎಂದು ಕೇಳಿದೆ. "ಯಾರ್ಗೆ ಚಪ್ಪಾಳೆ ತಟ್ಬೇಕು ಅಂತ ಗೆಸ್ಟ್‌ಗೆ ಗೊತ್ತಾಗ್ಬೇಕಲ್ವಾ ಮೇಡಂ?" ಎಂದರು ಸಂಘದ ಅಧ್ಯಕ್ಷರು. ಹಾರ್ಡ್‌ವೇರ್ ಅಂಗಡಿಯವರು, ಗರಿಗರಿ ಬಿಳಿ ಪಂಚೆ, ಶಲ್ಯ. ಬ್ಯಾಡ್ಜು ಇದ್ದವರಿಗೆ ಎರಡು ಬಾಳೆಹಣ್ಣು, ಇಲ್ಲದವರಿಗೆ ಒಂದು. ಮಕ್ಕಳು ಹತ್ತೇ ನಿಮಿಷದಲ್ಲಿ ಇದನ್ನು ಕಂಡುಹಿಡಿದರು. ಬ್ಯಾಡ್ಜುಗಳು ಕೈಯಿಂದ ಕೈಗೆ ಹೋದವು. ಅಧ್ಯಕ್ಷರು ಕ್ಯಾಮೆರಾದ ಮುಂದೆ ಒಬ್ಬ ಹುಡುಗನ ತಲೆ ಸವರಿ, "ನೋಡಿ, ಎಂಥ ಮುಗ್ಧತೆ! ಪಾಪ, ಮಾತೂ ಬರಲ್ಲ" ಎಂದು ಗದ್ಗದರಾದರು. ಅವನು ಹನೂರಿನ ತಂಡದ ಪಕ್ಕಾ ಪೋಕರಿ. ಬಾಯಿ ತುಂಬ ಬಾಳೆಹಣ್ಣಿದ್ದರಿಂದ ಮಾತು ಬರಲಿಲ್ಲ. ನಾನು ಸರಿಪಡಿಸಲು ಹೋಗಲಿಲ್ಲ.

ಭಾಷಣಗಳು ಒಂದೂವರೆ ಗಂಟೆ. ಈ ಮಕ್ಕಳು ದೇವರ ಮಕ್ಕಳು ಎಂದರು ಒಬ್ಬರು. ಹೂವುಗಳು ಎಂದರು ಇನ್ನೊಬ್ಬರು. ದೇವರ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು, ಮಾತಾಡುವವರು ನೆರಳಿನಲ್ಲಿದ್ದರು. ಮುಖ್ಯ ಅತಿಥಿಗಳು ಪಂಚೆ ಎತ್ತಿ ಕಟ್ಟಿ ಚೆಂಡು ಒದ್ದು ಉದ್ಘಾಟಿಸಿದರು. ಚಪ್ಪಲಿ ಚೆಂಡಿಗಿಂತ ಮುಂದೆ ಹೋಯಿತು. ಆಗ ಯಾರೂ ಪಾಪ ಎನ್ನಲಿಲ್ಲ.

ಮೊದಲ ಪಂದ್ಯ ನಮಗೂ ಹನೂರಿಗೂ. ಸತ್ತೇಗಾಲದ ಹುಡುಗಿಯ ತಂದೆ ಬಂದಿದ್ದರು. ಶಾಮಿಯಾನದ ತುದಿಯಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ಹೆಂಡತಿಯ ಪಕ್ಕ ಕೂರಲಿಲ್ಲ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಆ ಬಾಳೆಹಣ್ಣಿನ ಪೋಕರಿ ಚೆಂಡು ತಂದ, ಮೈ ಬಾಗಿಸಿದ, ನುಗ್ಗಿದ. ನಮ್ಮ ಹುಡುಗಿ ಕಾಲಿಟ್ಟಳು, ಚೆಂಡು ಅವಳದಾಯಿತು. ಇನ್ನೊಮ್ಮೆ ಬಂದ, ಇನ್ನೊಮ್ಮೆ ಕಿತ್ತುಕೊಂಡಳು. ಎಂಥ ಕೆಲಸ! ನಾನು ಕುಣಿದಾಡಿದೆ. ಶಾಮಿಯಾನದಿಂದ ಒಂದು ಚಪ್ಪಾಳೆಯಿಲ್ಲ. ಈ ಮಹಾನುಭಾವರಿಗೆ ಫುಟ್‌ಬಾಲ್ ಎಂದರೆ ಗೋಲು, ತಡೆಯುವುದು ಆಟವೆಂದೇ ಅವರಿಗೆ ತಿಳಿದಿಲ್ಲ.

ಚೆಂಡನ್ನು ಮುಂದಕ್ಕೆ ಕೊಟ್ಟು ಅವಳು ಕೈ ಮಡಚಿಕೊಂಡು ವಾರೆಯಾಗಿ ಓಡಿದಳು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಪಕ್ಕದವರಿಗೆ ಹತ್ತಿತು. ಒಬ್ಬ ಅವಳ ಓಟವನ್ನು ಮೊಬೈಲಿನಲ್ಲಿ ಹಿಡಿಯತೊಡಗಿದ. ನಾನು ತಂದೆಯ ಕಡೆ ನೋಡಿದೆ. ಮುಖ ಕಪ್ಪಿಟ್ಟಿತ್ತು. ಅವರು ಹೆಂಡತಿಗೆ ಏನೋ ಹೇಳಿ ಬೈಕು ನಿಲ್ಲಿಸಿದ್ದ ಕಡೆ ಬೆರಳು ತೋರಿದರು. ಆಕೆ ತಲೆ ತಗ್ಗಿಸಿದರು.

ವಿರಾಮದಲ್ಲಿ ಅಧ್ಯಕ್ಷರು ನನ್ನ ಹತ್ತಿರ ಬಂದರು. "ಮೇಡಂ, ಆ ಎಣ್ಮಗೀಗೆ ಒಂದು ಗೋಲ್ ಒಡ್ಸ್ಬುಡಿ. ಫೋಟೋ ಚೆನ್ನಾಗ್ ಬತ್ತದೆ."

ಬೇರೆ ದಿನವಾಗಿದ್ದರೆ ಆ ಶಲ್ಯ ಹಿಡಿದು ಕೇಳುತ್ತಿದ್ದೆ, ನಿಮ್ಮಪ್ಪನ ಮನೆ ಆಟವಾ ಎಂದು. ಕೇಳಲಿಲ್ಲ. ಒಂದು ಗೋಲು ಬಿದ್ದರೆ ಇಷ್ಟು ಜನ ಎದ್ದು ಚಪ್ಪಾಳೆ ತಟ್ಟುತ್ತಾರೆ, ತಂದೆ ನೋಡುತ್ತಾರೆ, ಭಾನುವಾರ ಉಳಿಯುತ್ತದೆ. ಹೀಗೆ ಲೆಕ್ಕ ಹಾಕಿದೆ. ಹನೂರಿನ ಕೋಚ್ ನನ್ನ ಹಳೆಯ ಶಿಷ್ಯ, ಅವನು ನನ್ನ ಮಾತಿಗೆ ಇಲ್ಲವೆನ್ನಲಿಲ್ಲ, ದಾರಿ ಬಿಡಿ ಎಂದು ತನ್ನ ಮಕ್ಕಳಿಗೆ ಹೇಳಿದ. ಅವನ ಕೀಪರ್ ಪಾಲಾರ್ ಕಡೆಯ ಹುಡುಗಿ, ಒಂಬತ್ತನೇ ಕ್ಲಾಸು, ಮನೆಯಲ್ಲಿ ತಮಿಳು, ಮೈದಾನದಲ್ಲಿ ಕನ್ನಡ. ನಾನೇ ಅವಳ ಹತ್ತಿರ ಹೋಗಿ, ನಮ್ಮ ಹುಡುಗಿ ಚೆಂಡು ತಂದರೆ ಬಿಟ್ಟುಬಿಡು ಎಂದೆ.

ಅವಳು ನನ್ನ ಮುಖ ನೋಡಿದಳು. "ಯಾಕ್ ಮಿಸ್? ಅವ್ಳು ಚೆನ್ನಾಗೇ ಆಡ್ತವ್ಳಲ್ಲ?"

"ಯೋಳ್ದಷ್ಟ್ ಮಾಡು" ಎಂದೆ.

ವಿರಾಮ ಮುಗಿದ ಮೇಲೆ ನಮ್ಮ ಹುಡುಗಿಯನ್ನು ಮುಂದಕ್ಕೆ ಕಳಿಸಿದೆ. "ಯಾಕೆ?" ಎಂದು ಕೇಳಿದಳು. ಇವತ್ತು ಹಾಗೆ ಎಂದೆ. ಚೆಂಡು ಅವಳಿಗೆ ಬಂತು. ಎದುರಿನ ಮಕ್ಕಳು ಬಾಗಿಲು ತೆರೆದಂತೆ ಎರಡೂ ಕಡೆ ಸರಿದರು. ಅವಳು ಹೋದಳು, ಒದ್ದಳು. ಚೆಂಡು ಮೆಲ್ಲಗೆ ಉರುಳಿತು. ಕೀಪರ್ ನಿಂತಲ್ಲೇ ನಿಂತಿದ್ದು, ಚೆಂಡು ದಾಟಿದ ಮೇಲೆ ಇನ್ನೊಂದು ಕಡೆಗೆ ಹಾರಿದಳು.

ಓಹೋಹೋ, ಏನು ಚಪ್ಪಾಳೆ, ಏನು ಸಿಳ್ಳೆ! ನಕ್ಕವರೇ ಎದ್ದು ನಿಂತು ಕಣ್ಣೊರೆಸಿಕೊಂಡರು. ಮೊಬೈಲುಗಳು ಮೇಲೆದ್ದವು. ತಂದೆಯ ಕಟ್ಟಿದ ಕೈ ಬಿಚ್ಚಿತು. ಅವರು ಪಕ್ಕದಲ್ಲಿದ್ದ ಅಪರಿಚಿತನೊಬ್ಬನಿಗೆ "ನಮ್ ಮಗ್ಳು, ನಮ್ ಮಗ್ಳು" ಎನ್ನುತ್ತಿದ್ದುದು ನನಗೆ ಕೇಳಿಸಿತು.

ಹುಡುಗಿ ಮಾತ್ರ ಕುಣಿಯಲಿಲ್ಲ. ಗೋಲಿನೊಳಗೆ ಹೋಗಿ ಚೆಂಡು ಎತ್ತಿಕೊಂಡಳು. ಇನ್ನೂ ನೆಲದಲ್ಲೇ ಬಿದ್ದಿದ್ದ ಕೀಪರಿನ ಮುಂದೆ ಅದನ್ನಿಟ್ಟು, "ಇಡ್ಕೋ" ಎಂದಳು. ಕೀಪರ್ ಹಿಡಿಯಲಿಲ್ಲ, ನನ್ನತ್ತ ನೋಡಿದಳು. ಆಗ ಹುಡುಗಿಯೂ ತಿರುಗಿ ನನ್ನನ್ನೇ ನೋಡಿದಳು. ನಾನು ಬಗ್ಗಿ ಶೂ ಲೇಸು ಕಟ್ಟಿಕೊಂಡೆ. ಅಷ್ಟರಲ್ಲಿ ಅಧ್ಯಕ್ಷರು ಓಡಿಬಂದು ಅವಳಿಗೆ ಶಾಲು ಹೊದಿಸಿದರು. ಅವಳು ಕಿರುಚುತ್ತಾ ಅದನ್ನು ಕಿತ್ತೆಸೆದಳು. "ಸಂತೋಷ ತಡ್ಕಳಕಾಯ್ತಿಲ್ಲ ಮಗೀಗೆ" ಎಂದು ಅವರು ಮೈಕಿನಲ್ಲಿ ಹೇಳಿದರು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳಿಗೋಸ್ಕರ ತಾನೇ ಮಾಡಿದ್ದು? ಥೂ! ಅಧ್ಯಕ್ಷರು ಫೋಟೋಗಾಗಿ ಮಾಡಿದರು, ನಾನು ಒಳ್ಳೆಯದಕ್ಕಾಗಿ ಮಾಡಿದೆ, ಅಷ್ಟೇ ವ್ಯತ್ಯಾಸ. ಆ ಮನುಷ್ಯನಿಗೆ ಏನೂ ಗೊತ್ತಿರಲಿಲ್ಲ. ನನಗೆ ಎಲ್ಲ ಗೊತ್ತಿತ್ತು. ಅಲ್ಲಿದ್ದವರಲ್ಲೆಲ್ಲ ಕಡೆ ನಾನೇ.

ಮುಂದಿನ ಭಾನುವಾರ ತಂದೆಯೇ ಮಗಳನ್ನು ಬೈಕಿನಲ್ಲಿ ಕರೆತಂದರು. ಹೊಸ ಜರ್ಸಿ ತೊಡಿಸಿದ್ದರು. ಮಕ್ಕಳಿಗೆಲ್ಲ ಕೊಡಲು ಒಂದು ಚೀಲ ಎಳನೀರು ಬೇರೆ. "ಊರಲ್ಲೆಲ್ಲಾ ಯೋಳ್ಕಂಡ್ ಬಂದೆ ಮೇಡಂ. ಯಳಂದೂರಲ್ಲಿ ಗೋಲ್ ಒಡ್ದೋಳು ನಮ್ ಮಗ್ಳು ಅಂತ. ನಿನ್ನೆ ಗಂಡಿನ್ ಕಡೆಯೋರು ಬಂದಿದ್ರು, ಅವ್ರ್ ಮುಂದೇನೇ ಕರ್ದು ಕುಂಡ್ರುಸ್ದೆ" ಎಂದು ಮುಖ ಅರಳಿಸಿದರು. ನಾನು ಗೆದ್ದಿದ್ದೆ. ಭಾನುವಾರ ಉಳಿದಿತ್ತು.

ಹುಡುಗಿ ಬೈಕಿನಿಂದ ಇಳಿಯಲಿಲ್ಲ. ಶೂ ಹಾಕಿಕೊಂಡಿರಲಿಲ್ಲ. ನಾನು ಕರೆದೆ, ಮಕ್ಕಳು ಕರೆದರು. ಅವಳು ಹಿಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿದು ಕೂತಿದ್ದಳು. "ಬೆಳಗ್ಗಿಂದ ಇಂಗೇ ಮೇಡಂ, ಬರಕಿಲ್ಲ ಅಂತವ್ಳೆ. ಎತ್ತಿ ಕುಂಡ್ರುಸ್ಕಂಡ್ ಬಂದೆ" ಎಂದರು ತಂದೆ. ಆಗ ಅವಳು ನನ್ನ ಕಡೆ ಬೆರಳು ತೋರಿಸಿ ಹೇಳಿದಳು, "ಮಿಸ್ಸು ಸುಳ್ಳಿ."

"ಲೇ, ಮಿಸ್ಗೆ ಅಂಗಂತಾರಾ?" ತಂದೆ ಕೈಯೆತ್ತಿದರು.

ನಾನು ಅಡ್ಡ ಹೋದೆ. ಆ ಒಂದು ಕ್ಷಣದಲ್ಲಿ ನನಗೆ ಎರಡು ದಾರಿಯಿತ್ತು. ಏನೋ ಮಗು, ತಿಳಿಯದೆ ಹೇಳುತ್ತದೆ ಎಂದು ನಕ್ಕುಬಿಟ್ಟರೆ ತಂದೆ ಪ್ರತಿ ವಾರ ಕರೆತರುತ್ತಾರೆ, ಅವಳು ಪ್ರತಿ ವಾರ ಬೈಕಿನ ಮೇಲೆ ಕೂತಿರುತ್ತಾಳೆ. ನಿಜ ಹೇಳಿದರೆ ಬೈಕು ಇವತ್ತೇ ಹೊರಟುಹೋಗಬಹುದು. ಹೆದರಿದ್ದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಒಡೀಬೇಡಿ ಸ್ವಾಮಿ. ಅವ್ಳು ಯೋಳೋದು ದಿಟ" ಎಂದೆ. "ಆ ಗೋಲ್ ಅವ್ಳು ಒಡುದಿದ್ದಲ್ಲ. ಕೀಪರ್‌ಗೆ ನಾನೇ ಯೋಳಿ ಬುಡ್ಸಿದ್ದು. ನೀವು ನೋಡ್ಲಿ ಅಂತ. ಅದಕ್ ಮುಂಚೆ ಎರಡ್ ಸಲ ಚೆಂಡ್ ಕಿತ್ಕಂಡ್ಳಲ್ಲ, ಅದು ದಿಟವಾದ್ ಆಟ. ಅದ ಯಾರೂ ನೋಡ್ನಿಲ್ಲ, ನೀವೂ ನೋಡ್ನಿಲ್ಲ."

ಅವರ ಮುಖ ನೋಡಲಾಗಲಿಲ್ಲ. "ಊರ್ಗೆಲ್ಲ ಯೋಳ್ಕಂಡ್ ಬಂದ್ನಲ್ಲ ನಾನು" ಎಂದರು. "ನಮ್ ಮಗೀನ ಮುಂದಿಟ್ಕಂಡು ನಾಟ್ಕ ಆಡುದ್ರಾ? ನೀವೇ ಇಂಗ್ಮಾಡುದ್ರೆ ನಗಾಡೋರ್ ಯಾವ್ ದೊಡ್ ತಪ್ ಮಾಡುದ್ರು?" ಬೈಕಿನ ಕೀ ತಿರುಗಿಸಿದರು.

ಆಗ ಹುಡುಗಿ ಇಳಿದಳು. ಬರಿಗಾಲಿನಲ್ಲಿ ಮೈದಾನಕ್ಕೆ ನಡೆದು, ಗೋಲಿನ ಮುಂದೆ ತನ್ನ ಜಾಗದಲ್ಲಿ ನಿಂತು, ನನ್ನನ್ನು ಕರೆದಳು. "ಬಾ. ನೀನೇ ಬಾ."

ನಾನು ಚೆಂಡು ತೆಗೆದುಕೊಂಡೆ. ಅಭ್ಯಾಸ ಎಲ್ಲಿ ಹೋಗುತ್ತದೆ? ಮೊದಲ ಸಲ ಸುಮ್ಮನೆ ಮೆಲ್ಲಗೆ ಹೋದೆ. ಅವಳು ಕಾಲನ್ನೂ ಚಾಚಲಿಲ್ಲ. "ಸರ್ಯಾಗ್ ಆಡು" ಎಂದಳು.

ಎರಡನೇ ಸಲ ಸರಿಯಾಗಿ ಆಡಿದೆ. ಐವತ್ತರ ಹತ್ತಿರದ ದೇಹವನ್ನೆಲ್ಲ ಹಾಕಿ ಓಡಿದೆ, ಭುಜ ತಾಗಿತು, ಅವಳು ಬಿದ್ದಳು, ನಾನು ಗೋಲು ಹೊಡೆದೆ. ಅವಳ ಮಂಡಿ ತರಚಿ ರಕ್ತ ಬಂತು. ತಂದೆ ಬೈಕು ಬಿಟ್ಟು ಓಡಿಬಂದರು. "ಬುಡಿ ಮೇಡಂ, ಸಾಕು! ಏನ್ ಮನ್ಸತ್ವ ಇಲ್ವಾ ನಿಮ್ಗೆ?" ಹುಡುಗಿ ಅವರ ಕೈ ತಳ್ಳಿದಳು. "ನೀ ಸುಮ್ಕಿರಪ್ಪ." ತಾನೇ ಹೋಗಿ ಚೆಂಡು ತಂದು ನನ್ನ ಕಾಲಬುಡದಲ್ಲಿಟ್ಟಳು. "ಇನ್ನೊಂದ್ಸಲ."

ಇನ್ನೊಂದು ಗೋಲು ಹೊಡೆದೆ. ಮತ್ತೊಂದು ಹೊಡೆದೆ. ಮಕ್ಕಳು ಸುತ್ತ ನಿಂತಿದ್ದರು, ಯಾರೂ ಕೂಗಲಿಲ್ಲ. ನನಗೆ ಏದುಸಿರು ಬಂದಿತ್ತು. ಐದನೆಯ ಸಲ ನಾನು ಬಲಕ್ಕೆ ನುಗ್ಗಿದಾಗ ಅವಳ ಬರಿಗಾಲು ನೇರ ಚೆಂಡಿಗೇ ಬಂತು. ಚೆಂಡು ನಿಂತಿತು, ನಾನು ನಿಲ್ಲಲಿಲ್ಲ. ಅಂಗೈ ಊರಿ ಮಣ್ಣಿನಲ್ಲಿ ಬಿದ್ದೆ. ಅವಳು ಚೆಂಡನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒದ್ದಳು. ಅದು ಕಾಂಪೌಂಡು ದಾಟಿ ಪಕ್ಕದ ಕಬ್ಬಿನ ಗದ್ದೆಗೆ ಹೋಯಿತು.

ತಂದೆ ನನ್ನ ಮೇಲೆ ಬಗ್ಗಿದರು. ಎಬ್ಬಿಸಲು ಕೈ ಕೊಡಲಿಲ್ಲ. "ದಿಟ ಯೋಳಿ ಮೇಡಂ. ನೀವೇ ಬಿದ್ರಾ?"

ನಾನು ಏನು ಹೇಳಿದರೂ ನಂಬುವ ಹಾಗಿರಲಿಲ್ಲ. ತಪ್ಪು ಅವರದಲ್ಲ.

"ಇಲ್ಲ ಕಣಪ್ಪ, ನಾ ಬೀಳ್ಸ್ದೆ" ಎಂದಳು ಹುಡುಗಿ. ಆಮೇಲೆ ಗದ್ದೆಯ ಕಡೆ ಕೈ ತೋರಿಸಿ ನನಗೆ ಹೇಳಿದಳು, "ಓಗು, ತಕಂಡ್ ಬಾ."

ತಂದೆ ಅವಳನ್ನು ನೋಡಿದರು, ನನ್ನ ತರಚಿದ ಅಂಗೈ ನೋಡಿದರು. ಹೋಗಿ ಬೈಕಿನ ಕೀ ತೆಗೆದು ಜೇಬಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತರು.

"ಕೇಳುಸ್ನಿಲ್ವಾ ಮೇಡಂ?" ಎಂದರು. "ಚೆಂಡ್ ತಕಂಡ್ ಬರ್ಬೇಕಂತೆ."